ನೆರೆಯವರನ್ನು ಕೇಳಿ ಕಟ್ಟಲಿ

ಊರಿನ ಅಂಚಿನ ಗದ್ದೆಯಲ್ಲೋ, ಮುಚ್ಚಿಹೋದ ಕಾರ್ಖಾನೆಯ ಬಯಲಿನಲ್ಲೋ ಬಹುಮಹಡಿ ವಸತಿ ಕಟ್ಟಡ ಏಳಲಿದೆಯೆಂದು ಹಲಗೆ ನೆಟ್ಟ ದಿನದಿಂದ ಸುತ್ತಲಿನ ಕೇರಿಗಳಲ್ಲಿ ಮಾತು ಹುಟ್ಟುತ್ತದೆ. ಅಷ್ಟು ಮನೆಗಳಿಗೆ ನೀರು ಎಲ್ಲಿಂದ ಬರುತ್ತದೆ? ಕೊಳಚೆ ಯಾವ ಚರಂಡಿಗೆ ಹೋಗುತ್ತದೆ? ಹನ್ನೆರಡಡಿಯ ರಸ್ತೆಯಲ್ಲಿ ನೂರು ಮನೆಗಳ ಗಾಡಿಗಳು ಹೇಗೆ ಓಡಾಡುತ್ತವೆ? ಬೆಂಕಿ ಬಿದ್ದರೆ ಅಗ್ನಿಶಾಮಕದ ವಾಹನ ಒಳಗೆ ಬರುತ್ತದೆಯೆ? ಹೀಗೆ ಕೇಳಿದವರಿಗೆ ಸಿಗುವ ಉತ್ತರ ಎಲ್ಲ ಊರುಗಳಲ್ಲಿಯೂ ಒಂದೇ: ಕಾಗದಪತ್ರಗಳೆಲ್ಲ ಸರಿಯಾಗಿವೆ, ಊರಿನ ಪ್ರಗತಿಗೆ ಅಡ್ಡಿ ಮಾಡಬೇಡಿ. ಕಾಗದಪತ್ರಗಳು ಸರಿಯಾಗುತ್ತಿದ್ದ ಹೊತ್ತಿನಲ್ಲಿ ನೆರೆಯವನನ್ನು ಯಾರು ಕೇಳಿದರು ಎಂಬುದೇ ಈ ವಾರ ನಾವು ಎತ್ತುತ್ತಿರುವ ಪ್ರಶ್ನೆ.

ಮೊದಲಿಗೇ ನಮ್ಮ ನಿಲುವನ್ನು ಸ್ಪಷ್ಟಪಡಿಸಿಬಿಡುತ್ತೇವೆ. ನಾವು ಎತ್ತರದ ಮನೆಗಳ ವೈರಿಗಳಲ್ಲ. ದುಡಿಯುವ ಜನಕ್ಕೆ ಮನೆ ಬೇಕು; ನೆಲ ಕಡಿಮೆಯಿದ್ದ ಕಡೆ ಒಂದರ ಮೇಲೊಂದು ಮನೆ ಕಟ್ಟುವುದು ತಪ್ಪಲ್ಲ. ಆದರೆ ನೀರು, ಚರಂಡಿ, ದಾರಿ, ಗಾಳಿ, ಬೆಳಕು ಇವು ಕಟ್ಟುವವನೊಬ್ಬನ ಸೊತ್ತಲ್ಲ. ಇವುಗಳ ವಿಷಯದಲ್ಲಿ ನೆರೆಯವನಿಗೆ ಕೇಳುವ ಹಕ್ಕಿದೆ, ಕಟ್ಟುವವನಿಗೆ ಉತ್ತರಿಸುವ ಹೊಣೆಯಿದೆ. ಆ ಕೇಳುವಿಕೆ ಅಡಿಪಾಯ ತೋಡುವುದಕ್ಕೆ ಮುಂಚೆಯೇ ನಡೆಯಬೇಕು. ಗೋಡೆ ಎದ್ದ ಮೇಲೆ ನಡೆಯುವುದು ಬರೀ ಅಳುವಿಕೆ.

ಮೇಳಿಗೆಯ ಓದುಗರೊಬ್ಬರು ಕೇಳಬಹುದು: ನಮ್ಮಲ್ಲಿ ಹತ್ತಂತಸ್ತಿನ ಮನೆ ಎಲ್ಲಿದೆ? ಬೆಂಗಳೂರಿನ ಗೋಳು ಮಲೆನಾಡಿಗೇಕೆ? ಅವರಿಗೆ ನಾವು 2019ನೆಯ ಇಸವಿಯನ್ನು ನೆನಪಿಸುತ್ತೇವೆ. ಆ ವರ್ಷದ ಜೂನ್ ತಿಂಗಳಲ್ಲಿ ಅಂದಿನ ಉಪಮುಖ್ಯಮಂತ್ರಿಗಳು ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಸಾಗಿಸುವ ಮಾತನ್ನು ಬಹಿರಂಗವಾಗಿ ಆಡಿದರು. ನಾಡಿಗೆ ವಿದ್ಯುತ್ತು ಸಿಗಲೆಂದು 1960ರ ದಶಕದಲ್ಲಿ ಮನೆ, ಗದ್ದೆ, ತೋಟ, ದೇವಸ್ಥಾನಗಳನ್ನು ಶರಾವತಿಯಲ್ಲಿ ಮುಳುಗಿಸಿಕೊಂಡ ಜನರ ಮಕ್ಕಳು ಮೊಮ್ಮಕ್ಕಳು ಇಂದಿಗೂ ತಾವು ಕುಳಿತ ನೆಲದ ಹಕ್ಕುಪತ್ರಕ್ಕಾಗಿ ಕಚೇರಿಗಳ ಬಾಗಿಲು ಕಾಯುತ್ತಿದ್ದಾರೆ. ಅಂಥವರ ನದಿಯನ್ನು ನೂರಾರು ಮೈಲಿ ದೂರದ ಮಹಡಿಗಳ ತೊಟ್ಟಿಗೆ ಏರಿಸುವ ಆಲೋಚನೆ ಅದು. ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಾಗಿಲು ಮುಚ್ಚಿ ಉತ್ತರ ಕೊಟ್ಟಿತು. ಸಾಗರದ ಹಿರಿಯ ಲೇಖಕ ನಾ. ಡಿಸೋಜರಂಥವರು ಬೀದಿಗಿಳಿದರು. ಅಂದು ಯೋಜನೆ ಹಿಂದೆ ಸರಿಯಿತಾದರೂ ಆ ಮಾತು ಪೂರ್ತಿಯಾಗಿ ನಿಂತಿಲ್ಲ.

ಈ ಸಂಗತಿಯಿಂದ ತಿಳಿಯತಕ್ಕದ್ದೇನು? ಒಂದು ನಗರ ತನ್ನ ಕೆರೆಗಳ ಲೆಕ್ಕ ನೋಡದೆ, ಅಂತರ್ಜಲದ ಲೆಕ್ಕ ನೋಡದೆ ಮಹಡಿಯ ಮೇಲೆ ಮಹಡಿಗೆ ಅನುಮತಿ ಕೊಡುತ್ತಾ ಹೋದರೆ ಕೊನೆಗೆ ಅದರ ನೀರಿನ ಬಿಲ್ಲು ಬೇರೊಂದು ಊರಿನ ಮನೆಬಾಗಿಲಿಗೆ ಬರುತ್ತದೆ. 2024ರ ಬೇಸಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿದವೆಂದು ಸರ್ಕಾರವೇ ಒಪ್ಪಿಕೊಂಡಿತು. ಲಕ್ಷಾಂತರ ರೂಪಾಯಿ ಕೊಟ್ಟು ಮನೆ ಕೊಂಡವರೂ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತರು. ಅಲ್ಲಿಯ ಕಟ್ಟಡದ ವಿಚಾರ ಇಲ್ಲಿಯ ನದಿಯ ವಿಚಾರವೂ ಹೌದು.

ಬೆಂಗಳೂರಿನಲ್ಲಿ ನೆರೆಯವರು ಸುಮ್ಮನೆ ಕೂತಿದ್ದರೆಂದು ಯಾರೂ ತಿಳಿಯಬೇಕಾಗಿಲ್ಲ. ಅಗರ ಕೆರೆಗೂ ಬೆಳ್ಳಂದೂರು ಕೆರೆಗೂ ನಡುವಿನ ಜೌಗುನೆಲದಲ್ಲಿ ಕಚೇರಿ, ವಸತಿ, ಹೋಟೆಲು, ಮಾಲು ಎಲ್ಲವೂ ಸೇರಿದ ದೊಡ್ಡ ಕಟ್ಟಡಗಳ ಯೋಜನೆ ಬಂದಾಗ ಅಲ್ಲಿಯ ನಾಗರಿಕ ಸಂಸ್ಥೆಗಳು 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದವು. ಮಳೆಯ ನೀರು ಒಂದು ಕೆರೆ ತುಂಬಿ ಇನ್ನೊಂದಕ್ಕೆ ಹರಿಯುವ ದಾರಿ ಅದು. ಆ ದಾರಿಯ ಮೇಲೆ ಮಣ್ಣು ಸುರಿದರೆ ಕೆರೆಯೂ ಕೆಡುತ್ತದೆ, ಸುತ್ತಲಿನ ಬಡಾವಣೆಗಳೂ ಮುಳುಗುತ್ತವೆ ಎಂಬುದು ಅವರ ವಾದ. ನ್ಯಾಯಮಂಡಳಿ 2015ರ ಮೇ 7ರಂದು ಕಟ್ಟುವವರಲ್ಲಿ ಒಂದು ಕಂಪನಿಗೇ 117.35 ಕೋಟಿ ರೂಪಾಯಿ ದಂಡ ಹಾಕಿತು. ಮರುವರ್ಷ ಮೇ 4ರಂದು ಇನ್ನೂ ಮುಂದೆ ಹೋಗಿ, ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ನೆಲವನ್ನು ಕಟ್ಟಡವಿಲ್ಲದೆ ಬಿಡತಕ್ಕದ್ದೆಂದು ಅಪ್ಪಣೆ ಮಾಡಿತು. ಅದಕ್ಕೆ ಮುಂಚೆ ನಗರದ ಮಹಾಯೋಜನೆಯಲ್ಲಿ ಇದ್ದದ್ದು 30 ಮೀಟರ್ ಮಾತ್ರ.

ನೆರೆಯವರು ಗೆದ್ದರೆಂದು ಎಲ್ಲರೂ ತಿಳಿದರು. ಆದರೆ 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟು ಆ 75 ಮೀಟರಿನ ಅಪ್ಪಣೆಯನ್ನು ರದ್ದುಮಾಡಿತು. ಮಹಾಯೋಜನೆ ಎಂಬುದು ಶಾಸನದ ಬಲವುಳ್ಳದ್ದು. ಅದರಲ್ಲಿ ಬರೆದ ಅಳತೆಯನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಎಂಬುದು ತೀರ್ಪಿನ ಸಾರ. ಕಾರ್ಮಿಕ ಬಂಧುಗಳು ಈ ಮಾತನ್ನು ಚೆನ್ನಾಗಿ ಮನನ ಮಾಡಿಕೊಳ್ಳಬೇಕು. ವರ್ಷಗಟ್ಟಲೆ ದೊಡ್ಡ ವಕೀಲರನ್ನಿಟ್ಟು ಹೋರಾಡಿದವರೂ ಕೊನೆಗೆ ಬಂದು ನಿಂತದ್ದು ಒಂದು ನಕ್ಷೆಯ ಮುಂದೆ. ಆ ನಕ್ಷೆ ತಯಾರಾದಾಗ ಸುಮ್ಮನಿದ್ದವರಿಗೆ ಆಮೇಲೆ ದಾರಿ ಬಹಳ ಕಿರಿದು. ಈ ನಡುವೆ ಬೆಳ್ಳಂದೂರು ಕೆರೆಯ ಸ್ಥಿತಿ ಏನಾಯಿತೆಂಬುದನ್ನು ಲೋಕವೇ ನೋಡಿದೆ. ನಗರದ ಕೊಳಚೆ ತುಂಬಿ ನೊರೆಯೆದ್ದ ಆ ಕೆರೆಗೆ 2015ರಲ್ಲಿ, 2017ರಲ್ಲಿ, 2018ರಲ್ಲಿ ಬೆಂಕಿ ಹತ್ತಿತು. ನೀರಿಗೆ ಬೆಂಕಿ ಹತ್ತುವ ಕಾಲವನ್ನು ನಮ್ಮ ಹಿರಿಯರು ಕನಸಿನಲ್ಲಿಯೂ ಕಂಡಿರಲಿಲ್ಲ.

ಹಾಗಾದರೆ ನಕ್ಷೆ ಬರೆಯುವವರು ನಮ್ಮನ್ನು ಕೇಳಬೇಕೆಂಬ ಕಾನೂನಿಲ್ಲವೆ? ಇದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಶಾಸನದ ಪ್ರಕಾರ ಮಹಾಯೋಜನೆಯ ಕರಡನ್ನು ಪ್ರಕಟಿಸಿ, 60 ದಿನಗಳ ಒಳಗೆ ಅಭಿಪ್ರಾಯ ತಿಳಿಸುವಂತೆ ಸಾರ್ವಜನಿಕರನ್ನು ಕೇಳಬೇಕು. ಗದ್ದೆಯೆಂದು ಗುರುತಿಸಿದ ನೆಲವನ್ನು ವಸತಿಗೆ, ವಸತಿಯ ನೆಲವನ್ನು ವಾಣಿಜ್ಯಕ್ಕೆ ಬದಲಾಯಿಸುವಾಗಲೂ ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯತಕ್ಕದ್ದೆಂದು ಅದೇ ಶಾಸನದ 14ಎ ಕಲಂ ಹೇಳುತ್ತದೆ. ಕಾನೂನು ಹೀಗಿದ್ದೂ ನಡೆಯುವುದೇನು? ನಕ್ಷೆ ಕಚೇರಿಯ ಗೋಡೆಯಲ್ಲಿ ತೂಗುತ್ತದೆ. ಪಾಳಿ ಮುಗಿಸಿ ಮನೆ ಸೇರುವ ಕೆಲಸಗಾರ ಕಚೇರಿಯ ವೇಳೆಯಲ್ಲಿ ಅದನ್ನು ನೋಡಲಾರ. ಜಾಹೀರಾತು ಸಾಸಿವೆ ಕಾಳಿನಂಥ ಅಕ್ಷರದಲ್ಲಿ, ಸರ್ವೆ ನಂಬರುಗಳ ಭಾಷೆಯಲ್ಲಿ ಅಚ್ಚಾಗುತ್ತದೆ. ಅದು ತನ್ನ ಹಿತ್ತಿಲ ಬೇಲಿಯಾಚೆಯ ಗದ್ದೆಯ ಮಾತೆಂದು ಓದಿದವನಿಗೂ ತಿಳಿಯುವುದಿಲ್ಲ. ಅವಧಿ ಮುಗಿದ ಮೇಲೆ ‘ಯಾರೂ ಆಕ್ಷೇಪಿಸಲಿಲ್ಲ’ ಎಂಬ ಟಿಪ್ಪಣಿಯೊಂದಿಗೆ ಕಡತ ಮೇಲೆ ಹೋಗುತ್ತದೆ.

ಆದರೂ ಆ 60 ದಿನಗಳು ವ್ಯರ್ಥವೆಂದು ಯಾರೂ ಕೈಚೆಲ್ಲಬಾರದು. ಬೆಂಗಳೂರಿನ 2031ರವರೆಗಿನ ಮಹಾಯೋಜನೆಯ ಕರಡು 2017ರ ನವೆಂಬರಿನಲ್ಲಿ ಹೊರಬಂದಾಗ ಜನ ಸಾವಿರಾರು ಆಕ್ಷೇಪಣೆಗಳನ್ನು ಸಲ್ಲಿಸಿದರು. ಕಡೆಗೆ ಸರ್ಕಾರ ಆ ಕರಡನ್ನೇ ಹಿಂದೆ ತೆಗೆದುಕೊಂಡಿತು. ಬರೆದುಕೊಟ್ಟ ಕಾಗದಕ್ಕೆ ಬಾಯಿಮಾತಿಗಿಲ್ಲದ ತೂಕವಿದೆ.

ಕಾನೂನಿನಲ್ಲಿ ಇನ್ನೊಂದು ದೊಡ್ಡ ತೂತಿದೆ. ಒಂದು ಸಿಮೆಂಟು ಕಾರ್ಖಾನೆ ಹೂಡಬೇಕಾದರೆ ಸುತ್ತಲಿನ ಹಳ್ಳಿಗಳ ಜನರನ್ನು ಕರೆದು ಬಹಿರಂಗ ವಿಚಾರಣೆ ಮಾಡಬೇಕು. ಕೇಂದ್ರ ಸರ್ಕಾರದ 2006ರ ಪರಿಸರ ಅಧಿಸೂಚನೆಯ ನಿಯಮವಿದು. 20,000 ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡಗಳಿಗೂ ಆ ಅಧಿಸೂಚನೆ ಪರಿಸರ ಪರವಾನಗಿ ಬೇಕೆನ್ನುತ್ತದೆ. ಆದರೆ ವಸತಿ ಕಟ್ಟಡಗಳ ವರ್ಗವನ್ನು ಬಹಿರಂಗ ವಿಚಾರಣೆಯಿಂದ ಬಿಟ್ಟುಬಿಟ್ಟಿದೆ! ಸಾವಿರ ಮನೆಗಳ ಕೊಳಚೆಗೆ ವಾಸನೆಯಿಲ್ಲವೆ? ಜಿಲ್ಲಾ ಊರುಗಳಲ್ಲಿ ಏಳುವ ಬಹುಪಾಲು ಕಟ್ಟಡಗಳು ಆ ಅಳತೆಗಿಂತ ಚಿಕ್ಕವು. ಅವುಗಳಿಗೆ ಈ ಪರವಾನಗಿಯ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿ ನೆರೆಯವನನ್ನು ಕೇಳುವವರು ಯಾರೂ ಇಲ್ಲ.

ಲೆಕ್ಕ ಹಾಕಿ ನೋಡೋಣ. ಒಂದು ಕಟ್ಟಡದಲ್ಲಿ 100 ಮನೆಗಳು, ಮನೆಗೆ ನಾಲ್ವರು ಎಂದಿಟ್ಟುಕೊಳ್ಳಿ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಬೇಕೆಂದು ಸರ್ಕಾರದ ಅಳತೆಗೋಲೇ ಹೇಳುತ್ತದೆ. ಅಂದರೆ ದಿನಕ್ಕೆ 54,000 ಲೀಟರ್; 6,000 ಲೀಟರಿನ ಟ್ಯಾಂಕರುಗಳಲ್ಲಿ ತಂದರೆ ಒಂಬತ್ತು. ನಲ್ಲಿಯಲ್ಲಿ ಅಷ್ಟು ಬರದಿದ್ದರೆ ಆಳವಾದ ಕೊಳವೆಬಾವಿ ಕೊರೆಯುತ್ತಾರೆ. ಪಕ್ಕದ ಕೇರಿಯಲ್ಲಿ ಅಜ್ಜನ ಕಾಲದ ತೆರೆದ ಬಾವಿಯನ್ನು ನಂಬಿದ ಹತ್ತು ಮನೆಗಳಿರುತ್ತವೆ. ಮಳೆಗಾಲದಲ್ಲಿ ಕೈಗೆ ಸಿಗುವ ಮಲೆನಾಡಿನ ಬಾವಿಯ ನೀರು ಏಪ್ರಿಲ್ ತಿಂಗಳಿಗೆ ತಳ ಕಾಣುತ್ತದೆ. ಆಗುಂಬೆಯ ಮಳೆ ನಮ್ಮ ತಾಲ್ಲೂಕಿನದೇ ಎಂದು ಹೆಮ್ಮೆಪಡುವ ತೀರ್ಥಹಳ್ಳಿಯವರಿಗೂ ಬೇಸಗೆಯ ಈ ಪಾಡು ಹೊಸದಲ್ಲ. ಇನ್ನು ಬಳಸಿದ ನೀರಿನಲ್ಲಿ ಹತ್ತರಲ್ಲಿ ಎಂಟು ಪಾಲು ಕೊಳಚೆಯಾಗಿ ಹೊರಗೆ ಬರುತ್ತದೆ: ದಿನಕ್ಕೆ 43,000 ಲೀಟರ್, ತಿಂಗಳಿಗೆ ಸುಮಾರು 13 ಲಕ್ಷ. ಒಳಚರಂಡಿಯಿಲ್ಲದ ಊರಿನಲ್ಲಿ ಅದು ಸೇರುವುದು ರಸ್ತೆಯ ಚರಂಡಿಗೆ. ಅಲ್ಲಿಂದ ಹಳ್ಳಕ್ಕೆ, ಗದ್ದೆಗೆ, ಕಡೆಗೆ ತುಂಗೆಗೆ. ಕೇಳಿದವರನ್ನು ಪ್ರಗತಿವಿರೋಧಿಗಳೆಂದು ಜರೆಯುವ ಮಹಾಶಯರು ಮೊದಲು ಈ ಲೆಕ್ಕಕ್ಕೆ ಉತ್ತರ ಹೇಳಲಿ.

ಇನ್ನು ನಮ್ಮವರಿಗೇ ಹೇಳತಕ್ಕ ಒಂದು ಮಾತಿದೆ. ಕೆಲವರಿಗೆ ಇದು ಕಹಿಯಾಗಬಹುದು. ನೆರೆಯವರ ಆಕ್ಷೇಪಣೆಗಳೆಲ್ಲವೂ ಒಂದೇ ಬಗೆಯವಲ್ಲ. ನೀರಿಗೆ ಹೆದರಿ ಕೇಳುವವನು ಒಬ್ಬ; ‘ಎಂಥ ಜನ ಬರುತ್ತಾರೋ’ ಎಂದು ಮೂಗು ಮುರಿಯುವವನು ಇನ್ನೊಬ್ಬ. ಬಡವರಿಗೆಂದು ಕಟ್ಟುವ ಮನೆಗಳು ತಮ್ಮ ಬಡಾವಣೆಯ ಹತ್ತಿರ ಬಂದರೆ ನಿವೇಶನದ ಬೆಲೆ ಇಳಿಯುತ್ತದೆಂದು ಅಡ್ಡಿ ಮಾಡುವ ಅನುಕೂಲಸ್ಥರಿದ್ದಾರೆ. ಜಾತಿ ಕೇಳಿ, ಧರ್ಮ ಕೇಳಿ, ಅಡುಗೆಮನೆಯಲ್ಲಿ ಏನು ಬೇಯುತ್ತದೆಂದು ಕೇಳಿ ಬಾಡಿಗೆಮನೆಯ ಬಾಗಿಲು ಮುಚ್ಚುವವರಿದ್ದಾರೆ. ಅಸ್ಪೃಶ್ಯತೆಯ ನೆಪದಲ್ಲಿ ಒಬ್ಬನನ್ನು ಒಂದು ಪ್ರದೇಶದಲ್ಲಿ ಮನೆ ಕಟ್ಟದಂತೆ, ವಾಸಿಸದಂತೆ ತಡೆಯುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಶಾಸನದಡಿ ದಂಡನಾರ್ಹ ಅಪರಾಧ. ನೆರೆಹೊರೆಯ ಹಕ್ಕಿನ ಹೆಸರಿನಲ್ಲಿ ಈ ಕೊಳಕನ್ನು ಯಾರಾದರೂ ನಮ್ಮ ಬಾವುಟದ ಕೆಳಗೆ ತಂದರೆ ಅವರಿಗೆ ನಮ್ಮಲ್ಲಿ ಜಾಗವಿಲ್ಲ. ಬಾವಿಯ ನೀರು ಎಷ್ಟು ಉಳಿಯಬೇಕೆಂದು ಕೇಳುವ ಹಕ್ಕು ನೆರೆಯವನಿಗಿದೆ; ತನ್ನ ನೆರೆಯಲ್ಲಿ ಯಾರು ಬಾಳಬೇಕೆಂದು ಆರಿಸುವ ಹಕ್ಕು ಇಲ್ಲ.

ದುಡಿಯುವವರ ಬಹುಮಹಡಿ ಮನೆಗಳ ಗತಿ ಈ ರಾಜ್ಯದಲ್ಲಿ ಏನಾಯಿತೆಂಬುದಕ್ಕೆ ಬೆಂಗಳೂರಿನ ಈಜಿಪುರವೇ ಸಾಕ್ಷಿ. ಕೋರಮಂಗಲದ ಪಕ್ಕದಲ್ಲಿ ಆರ್ಥಿಕವಾಗಿ ದುರ್ಬಲರಾದವರಿಗೆಂದು ಸರ್ಕಾರಿ ಹಣದಿಂದ 42 ಬ್ಲಾಕುಗಳಲ್ಲಿ 1,512 ಮನೆಗಳನ್ನು ಕಟ್ಟಿದರು. ಕೆಲಸ ಎಷ್ಟು ಕಳಪೆಯಾಗಿತ್ತೆಂದರೆ 2003ರಲ್ಲಿ ಒಮ್ಮೆ, 2007ರಲ್ಲಿ ಮತ್ತೊಮ್ಮೆ ಬ್ಲಾಕುಗಳು ಕುಸಿದವು. ಮನೆಯನ್ನು ಮತ್ತೆ ಕಟ್ಟಿಕೊಡುವ ನೆಪದಲ್ಲಿ ಆ ನೆಲವನ್ನು ಖಾಸಗಿ ಬಂಡವಾಳದ ಜೊತೆ ಹಂಚಿಕೊಳ್ಳುವ ಒಪ್ಪಂದವಾಯಿತು: ಒಂದು ಪಾಲಿನಲ್ಲಿ ಬಡವರ ಮನೆ, ಇನ್ನೊಂದು ಪಾಲಿನಲ್ಲಿ ಮಾಲು. 2013ರ ಜನವರಿಯಲ್ಲಿ ಪೊಲೀಸರ ಕಾವಲಿನಲ್ಲಿ ಬುಲ್ಡೋಜರು ಬಂತು. ತಗಡಿನ ಶೆಡ್ಡುಗಳಲ್ಲಿ ಬಾಳುತ್ತಿದ್ದ ಸಾವಿರಾರು ಜನ ಬೀದಿಪಾಲಾದರು. ಎಷ್ಟೋ ಕುಟುಂಬಗಳು ತಿಂಗಳುಗಟ್ಟಲೆ ಅಲ್ಲಿಯ ಪಾದಚಾರಿ ದಾರಿಯಲ್ಲಿಯೇ ಒಲೆ ಹೂಡಿದವು. ಅಲ್ಲಿಯೂ ಕಾಗದಪತ್ರಗಳು ಸರಿಯಾಗಿದ್ದವು. ಅಲ್ಲಿಯೂ ಬಾಳುತ್ತಿದ್ದವರನ್ನು ಯಾರೂ ಕೇಳಲಿಲ್ಲ.

ಮಿಲ್ಲುಗಳ ನೆಲದ ಕತೆ ನಮ್ಮ ಓದುಗರಿಗೆ ಇನ್ನೂ ಹತ್ತಿರದ್ದು. 1884ರಲ್ಲಿ ಹುಟ್ಟಿ ಮುಂದೆ ಬಿನ್ನಿ ಮಿಲ್ಲೆಂದು ಹೆಸರಾದ ಬಟ್ಟೆಗಿರಣಿಯ ಸೈರನ್ನಿಗೆ ಬೆಂಗಳೂರಿನ ಅರ್ಧ ಪೇಟೆ ಎದ್ದು ಕೂಡುತ್ತಿತ್ತು. ಇಂದು ಅದರ ನೆಲದ ಮೇಲೆ ಎತ್ತರದ ವಸತಿ ಸಮುಚ್ಚಯಗಳೂ ಮಾಲೂ ನಿಂತಿವೆ. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ 2010ರಿಂದ ದೊಡ್ಡ ಮಾಲು ನಡೆಯುತ್ತಿದೆ. ಮಗ್ಗದ ಮುಂದೆ ನಿಂತು ಕಿವಿ ಕಳೆದುಕೊಂಡ ಕೆಲಸಗಾರರ ಮಕ್ಕಳಲ್ಲಿ ಎಷ್ಟು ಮಂದಿ ಆ ಮಹಡಿಗಳಲ್ಲಿ ಮನೆ ಕೊಳ್ಳಬಲ್ಲರು? ಕಾವಲುಗಾರರಾಗಿ, ಮನೆಗೆಲಸದವರಾಗಿ ಸೇವಾದ್ವಾರದಿಂದ ಒಳಗೆ ಹೋಗುವವರೇ ಹೆಚ್ಚು. ನಮ್ಮ ಜಿಲ್ಲೆಯಲ್ಲಿ ಭದ್ರಾವತಿಯ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದವು. ನಿಂತ ಕಾರ್ಖಾನೆಯ ನೆಲದ ಮೇಲೆ ಯಾರ ಕಣ್ಣು ಬೀಳುತ್ತದೆಂಬುದನ್ನು ಕಾರ್ಮಿಕರು ಈಗಿನಿಂದಲೇ ಕಾಯಬೇಕು.

ವ್ಯಾಪಾರಿ ಮಿತ್ರರಲ್ಲಿ ಕೆಲವರು ನಮಗೆ ಹೇಳುವುದುಂಟು: ನೂರು ಮನೆ ಬಂದರೆ ನಮ್ಮ ದಿನಸಿ, ತರಕಾರಿ, ಹಾಲು ನೂರು ಮನೆಗೆ ಹೆಚ್ಚು ಹೋಗುತ್ತದೆ, ನೀವೇಕೆ ಅಡ್ಡ ಬರುತ್ತೀರಿ? ಅವರ ಮಾತಿನಲ್ಲಿ ನ್ಯಾಯವಿದೆ, ನಾವು ಅಡ್ಡ ಬರುವುದೂ ಇಲ್ಲ. ಆದರೆ ಅವರೂ ನಕ್ಷೆಯನ್ನು ಬಿಡಿಸಿ ನೋಡಲಿ. ಕಟ್ಟಡದ ನೆಲಮಹಡಿಯಲ್ಲಿ ಅಂಗಡಿಗಳಿವೆಯೆ? ಅವುಗಳ ಬಾಡಿಗೆಯನ್ನು ಊರಿನ ಸಣ್ಣ ವ್ಯಾಪಾರಿ ಕೊಡಬಲ್ಲನೆ, ಅಥವಾ ದೊಡ್ಡ ಕಂಪನಿಯ ಮಳಿಗೆಯೊಂದೇ ಬಂದು ಕೂಡುತ್ತದೆಯೆ? ರಸ್ತೆ ಅಗಲಿಸಬೇಕಾದಾಗ ಒಡೆಯುವುದು ಯಾರ ಅಂಗಡಿಯ ಮುಂಗಟ್ಟನ್ನು? ಇವೂ ನೆರೆಯವರ ಪ್ರಶ್ನೆಗಳೇ. ಇವನ್ನು ಕೇಳುವ ಹೊತ್ತೂ ಅದೇ 60 ದಿನಗಳು.

ನೆಲದ ಪ್ರಶ್ನೆ ಈ ನಾಡಿಗೆ ಹೊಸದಲ್ಲ. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರು ಗದ್ದೆಗಿಳಿದು ಸತ್ಯಾಗ್ರಹ ಹೂಡಿದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಸಾಗರ–ಹೊಸನಗರದ ಜನ ಶಾಂತವೇರಿ ಗೋಪಾಲಗೌಡರನ್ನು ಶಾಸನಸಭೆಗೆ ಕಳಿಸಿದರು. ಉಳುವವನಿಗೆ ನೆಲ ಎಂಬ ಆ ಕೂಗು 1974ರ ಭೂಸುಧಾರಣೆಯ ತಿದ್ದುಪಡಿಯಲ್ಲಿ ಶಾಸನದ ರೂಪ ಪಡೆಯಿತು. ಆದರೆ 2020ರಲ್ಲಿ ಅದೇ ಶಾಸನದ 79ಎ, 79ಬಿ, 79ಸಿ ಕಲಂಗಳನ್ನು ತೆಗೆದುಹಾಕಿ, ಬೇಸಾಯ ಮಾಡದ ಹಣವಂತರಿಗೂ ಬೇಸಾಯದ ನೆಲ ಕೊಳ್ಳುವ ಬಾಗಿಲನ್ನು ತೆರೆದರು. ಮೇಳಿಗೆಯ ರಸ್ತೆಬದಿಯ ಗದ್ದೆಗೂ ಬೆಳ್ಳಂದೂರಿನ ಜೌಗುನೆಲಕ್ಕೂ ಇರುವ ದೂರ ಆ ದಿನದಿಂದ ಬಹಳ ಕಡಿಮೆಯಾಯಿತು. ಗದ್ದೆ ಅನ್ನ ಕೊಡುವುದರ ಜೊತೆಗೆ ಮಳೆಯ ನೀರನ್ನು ಹಿಡಿದು ಸುತ್ತಲಿನ ಬಾವಿಗಳಿಗೆ ಉಣಿಸುವ ತೊಟ್ಟಿಯೂ ಆಗಿದೆ. ಅದು ಸಿಮೆಂಟಾದ ಮೇಲೆ ಎರಡೂ ಹೋಗುತ್ತವೆ.

ಹಾಗಾದರೆ ಮಾಡತಕ್ಕದ್ದೇನು? ಸರ್ಕಾರದ ಮುಂದೆ ನಾವಿಡುವ ಬೇಡಿಕೆಗಳು ನಾಲ್ಕು. ಒಂದು, ಇಷ್ಟು ಮನೆಗಳಿಗೆ ಮೇಲ್ಪಟ್ಟದ್ದೆಂದು ಗೊತ್ತುಮಾಡಿ, ಅಂಥ ಪ್ರತಿಯೊಂದು ವಸತಿ ಕಟ್ಟಡಕ್ಕೂ ಆಯಾ ಕೇರಿಯಲ್ಲಿಯೇ, ಕೆಲಸಗಾರರು ಬಿಡುವಾಗಿರುವ ಸಂಜೆಯ ಹೊತ್ತಿನಲ್ಲಿ, ಕನ್ನಡದಲ್ಲಿ ಬಹಿರಂಗ ವಿಚಾರಣೆ ನಡೆಯಬೇಕು. ಎರಡು, ನೀರಿನ ಮೂಲ ಮತ್ತು ಕೊಳಚೆಯ ಶುದ್ಧೀಕರಣ ಎರಡೂ ಕಣ್ಣೆದುರು ಸಿದ್ಧವಾದ ಹೊರತು ಗೃಹಪ್ರವೇಶಕ್ಕೆ ಅಪ್ಪಣೆ ಕೊಡಬಾರದು. ಮೂರು, ದೊಡ್ಡ ಕಟ್ಟಡಗಳಲ್ಲಿ ಒಂದು ಪಾಲು ಮನೆಗಳು ದಿನಗೂಲಿಯವನಿಗೂ ಗುಮಾಸ್ತನಿಗೂ ಎಟಕುವ ಬಾಡಿಗೆಗೆ ಮೀಸಲಾಗಬೇಕು. ಅದರಲ್ಲಿ ಜಾತಿ ಮತ ಕೇಳುವವನಿಗೆ ಶಿಕ್ಷೆಯಾಗಬೇಕು. ನಾಲ್ಕು, 3 ಲಕ್ಷ ಜನಸಂಖ್ಯೆಯ ನಗರಗಳಿಗೆ ಸಂವಿಧಾನವೇ ಕಡ್ಡಾಯ ಮಾಡಿರುವ ವಾರ್ಡು ಸಮಿತಿಯನ್ನು ಸಾಗರ, ಹೊಸನಗರ, ತೀರ್ಥಹಳ್ಳಿಯಂಥ ಸಣ್ಣ ಊರುಗಳಿಗೂ ಕೊಡಬೇಕು. ದೊಡ್ಡ ಊರಿನವನಿಗೆ ಬಾಯಿ, ಸಣ್ಣ ಊರಿನವನಿಗೆ ಬರೀ ಕಿವಿ ಎಂಬ ನ್ಯಾಯ ನಮಗೆ ಒಪ್ಪಿಗೆಯಿಲ್ಲ.

ಸರ್ಕಾರ ಕೊಡುವವರೆಗೆ ನಾವು ಕೈಕಟ್ಟಿ ಕೂಡಬೇಕಾದ್ದಿಲ್ಲ. 500 ಚದರ ಮೀಟರಿಗೆ ಮೇಲ್ಪಟ್ಟ ನೆಲದಲ್ಲಿ, ಎಂಟಕ್ಕಿಂತ ಹೆಚ್ಚು ಮನೆಗಳನ್ನು ಮಾರಾಟಕ್ಕೆಂದು ಕಟ್ಟುವವನು 2016ರ ರೇರಾ ಶಾಸನದ ಪ್ರಕಾರ ಯೋಜನೆಯನ್ನು ನೋಂದಾಯಿಸಿ ಅದರ ವಿವರಗಳನ್ನು ಬಹಿರಂಗಪಡಿಸಬೇಕು. ಅದನ್ನು ಯಾರು ಬೇಕಾದರೂ ನೋಡಬಹುದು. ಕಾಲೇಜಿಗೆ ಹೋಗುವ ನಿಮ್ಮ ಮಗಳು ಫೋನಿನಲ್ಲಿ ತೆಗೆದು ತೋರಿಸಬಲ್ಲಳು. ಪುರಸಭೆಯಲ್ಲಿ, ಪಟ್ಟಣ ಪಂಚಾಯಿತಿಯಲ್ಲಿ ಕಡತ ತೋರಿಸದಿದ್ದರೆ 2005ರ ಮಾಹಿತಿ ಹಕ್ಕಿನ ಶಾಸನದಡಿ 10 ರೂಪಾಯಿ ಕೊಟ್ಟು ಅರ್ಜಿ ಹಾಕಿ ಪಡೆಯಬಹುದು. ಹಳ್ಳಿಗಳಲ್ಲಿ ಗ್ರಾಮಸಭೆಯಿದೆ, ಫಲಾನುಭವಿಗಳ ಪಟ್ಟಿ ಓದಿದ ಕೂಡಲೆ ಎದ್ದುಹೋಗದೆ, ಊರಿನ ಯಾವ ಗದ್ದೆ ಯಾವುದಕ್ಕೆ ಬದಲಾಗುತ್ತಿದೆಯೆಂದು ಕೇಳಿ, ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆಸಿ, ಪ್ರತಿಯನ್ನು ಕೈಗೆ ಪಡೆದುಕೊಳ್ಳಿ. ನಕ್ಷೆಯ ಜಾಹೀರಾತು ಬಂದರೆ ಕೇರಿಗೊಬ್ಬರಂತೆ ಅದನ್ನು ಓದಿ ಹೇಳುವ ಹೊಣೆ ಹೊರಬೇಕು. ಆಕ್ಷೇಪಣೆಯನ್ನು ಒಬ್ಬೊಬ್ಬರೂ ಬೇರೆ ಬೇರೆಯಾಗಿ ಬರೆದು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಬರೆಯಲು ಬಾರದವರಿಗೆ ಬರೆದುಕೊಡಲು ನಮ್ಮ ಪಕ್ಷದ ಕಚೇರಿಯ ಬಾಗಿಲು ಭಾನುವಾರವೂ ತೆರೆದಿರುತ್ತದೆ.

ಮನೆ ಕಟ್ಟಲಿ, ಎತ್ತರಕ್ಕೇ ಕಟ್ಟಲಿ, ಹೆಚ್ಚು ಜನಕ್ಕೆ ಸೂರಾಗಲಿ. ಆದರೆ ಆ ಸೂರಿನ ನೆರಳು ಯಾರ ಅಂಗಳದ ಮೇಲೆ ಬೀಳುತ್ತದೋ ಅವರನ್ನು ಮೊದಲು ಕೇಳಲಿ. ನಮ್ಮ ಊರಿನ ನಕ್ಷೆ ಇನ್ನೂ ಪೂರ್ತಿಯಾಗಿ ಬರೆದು ಮುಗಿದಿಲ್ಲ. ಮುಗಿಯುವ ಮುಂಚೆ ಮಹಾಜನರು ಕಚೇರಿಗೆ ಹೋಗಿ ಅದನ್ನು ಬಿಡಿಸಿ ನೋಡಬೇಕೆಂದು ವಿನಂತಿಸುತ್ತೇವೆ.